ನಾಲ್ಕು ಬೆರಳು ಎತ್ತರ

೧೪ ನವೆಂಬರ್ ೧೯೯೮, ಶನಿವಾರ, ಹೂಡಿ

ಪಾತ್ರೆ ತೊಳೆಯುವ ಯಂತ್ರ ಅಡುಗೆಕಟ್ಟೆಯ ಕೆಳಗೆ ಹೋಗಲು ನಾಲ್ಕು ಬೆರಳು ಜಾಗ ಸಾಲಲಿಲ್ಲ. ಕೊಳ್ಳುವ ಮೊದಲು ಅಳತೆ ನೋಡಿ ಎಂದು ಎಷ್ಟು ಸಲ ಹೇಳಿದ್ದೆನೋ. ನಮ್ಮ ಮನೆಯವರು ಕಟ್ಟೆಯನ್ನೇ ಎತ್ತರಿಸಿಬಿಟ್ಟರು. ನಾನು ಸಂತೆಯಿಂದ ಬರುವಷ್ಟರಲ್ಲಿ ಗಾರೆ ಕೆಲಸದ ನರಸಿಂಹಯ್ಯ ಕಲ್ಲು ಕೂರಿಸಿ ಕೈ ತೊಳೆಯುತ್ತಿದ್ದರು.

ಒಲೆ ನನ್ನ ಎದೆಮಟ್ಟಕ್ಕೆ ಬಂದಿತ್ತು. ಕುದಿಯುವ ಸಾರು ಕಾಣುವಂತಿರಲಿಲ್ಲ. ರೊಟ್ಟಿ ಬಡಿಯಲು ಹೋದರೆ ಭುಜ ಕಿವಿಗೆ ಬರುವಂತಿತ್ತು.

“ಮಣಿ ಮ್ಯಾಲ ನಿಂತ ಮಾಡಿದ್ರಾತು ಬಿಡ,” ಅಂದರು ಇವರು. ನಿನಗಾಗಿಯೇ ತಂದದ್ದು ಅಂತ ಬೇರೆ. ಮೂರು ಹೊತ್ತೂ ಮಣೆ ಹತ್ತಿ ಇಳಿಯಬೇಕೇ ನಾನು?

ನರಸಿಂಹಯ್ಯನವರನ್ನೇ ಕೇಳಿದೆ, “ಮತ್ತ ಇಳಸಾಕ ಬರ್ತೈತೇನ್ರಿ?”

“ಗಾರೆ ಇನ್ನೂ ಅಸಿ ಐತೆ ಕಣಮ್ಮ. ಈಗ್ಲೇ ಯೋಳಿದ್ರೆ ಇಳುಸ್ಬೋದು, ನಾಳೆ ಆದ್ರೆ ಒಡೀಬೇಕಾಯ್ತದೆ.”

ಹಾಗೆಂದವರು ಇವರ ಮುಖ ನೋಡಿದರು.

“ಅವರನ್ನೇನ ನೋಡ್ತೀರಿ? ಅಡಗಿ ಮಾಡಾಕಿ ನಾನು. ಇಳಸ್ರಿ,” ಅಂದೆ.

ಕತ್ತಲಾಗುವ ಹೊತ್ತಿಗೆ ಕಟ್ಟೆ ಹಳೆಯ ಎತ್ತರಕ್ಕೆ ಬಂತು. ಯಂತ್ರ ಹಾಲ್‌ನಲ್ಲಿ ಟೀವಿಯ ಪಕ್ಕ ನಿಂತಿದೆ. ಇವರು ಊಟ ಮುಗಿಸಿ ಎದ್ದು ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟರು. ನನ್ನ ತಟ್ಟೆಯೂ ಅಲ್ಲೇ ಇತ್ತು, ಅದನ್ನೂ ತೊಳೆಯಬಹುದಿತ್ತು.