ಬೀಗ ತೆಗೆದವನು

ಹನ್ನೊಂದನೇ ಮನೆಯ ವರದಿಗಾರನಿಗೆ,

ಮೊದಲ ಹಾಳೆಯಲ್ಲಿ ಅಭ್ಯಾಸಬಲದಿಂದ 'ಪ್ರೀತಿಯ' ಎಂದು ಬರೆದುಬಿಟ್ಟಿದ್ದೆ. ಹರಿದು ಹಾಕಿದೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕೀ ಉಜ್ಜುವ ಅರ ಹಿಡಿದವನು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದು. ನಿನ್ನ ಒಂದು ತಪ್ಪನ್ನು ನಾವು ಎರಡು ವರ್ಷದಿಂದ ತಿದ್ದುತ್ತಿದ್ದೇವೆ, ಅಷ್ಟು ಉಪಕಾರ ಮಾಡು.

ಭಾನುವಾರ ರಾಜಿ ಕಾಗದ ಹಿಡಿದು ನಮ್ಮ ಬೀಗದ ಅಂಗಡಿಗೆ ಬಂದಿದ್ದೆಯಲ್ಲ, "ದೊಡ್ಡಪ್ಪಾ, ನಾಳೆ ಬಿಟ್ಟು ಮುಂದಿನ ಸೋಮವಾರ ತೀರ್ಪು. ಕೆಲಸ ಹೋಗತ್ತೆ, ಜೈಲೂ ಆಗಬಹುದು ಅಂತಾರೆ ವಕೀಲರು. ಚಿಕ್ಕಪ್ಪನ ಹತ್ರ ಒಂದು ಸೈನ್ ಹಾಕಿಸಿಕೊಡಿ" ಅಂದೆ. ನನ್ನನ್ನು ದೊಡ್ಡಪ್ಪ, ನನ್ನ ತಮ್ಮನನ್ನು ಚಿಕ್ಕಪ್ಪ ಎಂದು ಕರೆಯುವ ಬಾಯಿ ಎರಡು ವರ್ಷ ಎಲ್ಲಿ ಹೋಗಿತ್ತೋ ಕಾಣೆ. ಆಗ ನಾನು ಉತ್ತರ ಕೊಡಲಿಲ್ಲ, ಕೈಯಲ್ಲಿ ಸುತ್ತಿಗೆ ಇತ್ತು. ಈಗ ಪೆನ್ನು ಇದೆ.

ನಿನಗೆ ಮರೆತಿರಬಹುದು, ಅಥವಾ ಮರೆತಂತೆ ಇರಬೇಕೆಂದು ನಿನ್ನ ವಕೀಲ ಹೇಳಿಕೊಟ್ಟಿರಬಹುದು. ಪೊಲೀಸರು ಒಬ್ಬ ಮನೆಗಳ್ಳನನ್ನು ಹಿಡಿದರು. ಅವನ ಹತ್ತಿರ ಸಿಕ್ಕ ಕಬ್ಬಿಣದ ಪೆಟ್ಟಿಗೆಗೆ ಕೀ ಇರಲಿಲ್ಲ. ಠಾಣೆಯಿಂದ ನನ್ನ ತಮ್ಮನಿಗೆ ಹೇಳಿಕಳಿಸಿದರು. ಅವನು ಉಣ್ಣುವ ತಟ್ಟೆ ಸರಿಸಿ ಎದ್ದು ಹೋಗಿ, ಐದು ನಿಮಿಷದಲ್ಲಿ ಬೀಗ ತೆಗೆದುಕೊಟ್ಟು, ಕೈ ಒರೆಸಿಕೊಳ್ಳುತ್ತಾ ಇಬ್ಬರು ಪೇದೆಗಳ ನಡುವೆ ಮೆಟ್ಟಿಲಿಳಿದು ಬಂದ. ಅಲ್ಲಿ ನಿಮ್ಮ ಫೋಟೋದವನು ನಿಂತಿದ್ದ. ನೀನು ಕಚೇರಿಯ ಕುರ್ಚಿಯಲ್ಲಿ ಕೂತು ಠಾಣೆಗೆ ಫೋನು ಮಾಡಿ, "ಫೋಟೋದಲ್ಲಿ ಮಧ್ಯ ಇರೋನು ಯಾರು ಸಾರ್?" ಎಂದು ಕೇಳಿದೆ. ಪೇದೆ ಹೇಳಿದ: "ಅವನಾ? ಬೀಗ ತೆಗೆದೋನು."

ಅಷ್ಟೇ. ಎರಡು ಮಾತು. ಮಾರನೆಯ ಬೆಳಿಗ್ಗೆ ಮೊದಲ ಪುಟದಲ್ಲಿ ನನ್ನ ತಮ್ಮನ ಮುಖ, ಮೇಲೆ 'ಕೊನೆಗೂ ಸಿಕ್ಕಿಬಿದ್ದ ಬೀಗ ಕಳ್ಳ'.

ನಮ್ಮ ಅಂಗಡಿಯ ಗೋಡೆಯ ಹಲಗೆ ನೀನೂ ನೋಡಿದ್ದೀಯ. ನಲವತ್ತೊಂದು ಮೊಳೆ. ಬೀದಿಯವರೆಲ್ಲ ತಮ್ಮ ಮನೆಯ ಇನ್ನೊಂದು ಕೀಯನ್ನು ಅಲ್ಲಿ ನೇತುಹಾಕಿ ಹೋಗುತ್ತಿದ್ದರು. ಯಾವ ಕೀ ಯಾರದೆಂದು ಚೀಟಿ ಇರಲಿಲ್ಲ, ತಮ್ಮನಿಗೆ ಹಲ್ಲು ನೋಡಿದರೆ ಮನೆ ಗೊತ್ತಾಗುತ್ತಿತ್ತು. ಸುದ್ದಿ ಬಂದ ದಿನ ಬೆಳಿಗ್ಗೆ ಏಳಕ್ಕೇ ಎಲ್ಲರಿಗಿಂತ ಮೊದಲು ಬಂದವಳು ಯಾರು ಹೇಳು? ನಿನ್ನ ತಾಯಿ. ಹಿಂದೊಮ್ಮೆ ಒಳಗಿನಿಂದ ಚಿಲಕ ಹಾಕಿದ್ದ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾಗ, ಬಾಗಿಲು ತೆಗೆದು, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಬೆಡ್‌ಶೀಟು ಹೊದಿಸಿ ಎತ್ತಿಕೊಂಡು ಹೋಗಿದ್ದನಲ್ಲ ನನ್ನ ತಮ್ಮ, ಅದೇ ತಾಯಿ. ಕಣ್ಣೆತ್ತದೆ, "ನಮ್ಮ ಕೀ ಕೊಟ್ಬಿಡಪ್ಪ, ಯಾಕೋ ಬೇಕಾಗಿತ್ತು" ಅಂದಳು. ಅವನು ಕೊಟ್ಟ. ವಾರದೊಳಗೆ ನಲವತ್ತೊಂದು ಮೊಳೆಯೂ ಬೋಳು. ಕೆಲವರು ಕೀ ಒಯ್ದದ್ದಲ್ಲದೆ ಬೀಗವನ್ನೂ ಬದಲಾಯಿಸಿದರು. ನಮ್ಮ ಕಸುಬಿನಲ್ಲಿ ನಂಬಿಕೆ ಬಿಟ್ಟರೆ ಇನ್ನೇನಿದೆ? ಉಳಿದದ್ದು ಒಂದಿಷ್ಟು ಹಿತ್ತಾಳೆಪುಡಿ.

ಕೋರ್ಟಿನಲ್ಲಿ ನಿಮ್ಮ ನಾಟಕ ಮುಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಸಂಪಾದಕ ಅಂದ, ವರದಿಗಾರ ಬರೆದದ್ದು. ನೀನು ಅಂದೆ, ಪೊಲೀಸರು ಹೇಳಿದ್ದು. ಪೇದೆ ಬಂದು ಅಂದ, "ನಾನು ಹೇಳಿದ್ದು ನಿಜಾನೇ ಸ್ವಾಮಿ, ಬೀಗ ತೆಗೆದಿದ್ದು ಅವನೇ." ಯಾರೂ ಸುಳ್ಳು ಹೇಳಿಲ್ಲ, ನನ್ನ ತಮ್ಮ ಮಾತ್ರ ಕಳ್ಳನಾದ. ನಿನ್ನ ವಕೀಲ ಎದ್ದು, ಸದುದ್ದೇಶದಿಂದ ಬರೆದದ್ದು, ಜನರ ಹಿತಕ್ಕೆ ಬರೆದದ್ದು, ಸುದ್ದಿಯಲ್ಲಿ ಹೆಸರೇ ಹಾಕಿಲ್ಲವಲ್ಲ, ಹೆಸರಿಲ್ಲದ ಮೇಲೆ ಯಾರ ಮಾನ ಹೋಯಿತು ಎಂದು ಕೇಳಿದ. ಮುಖ ಹಾಕಿದ ಮೇಲೆ ಹೆಸರು ಯಾಕಯ್ಯಾ? ಹೆಸರು ಇಬ್ಬರಿಗೆ ಇರಬಹುದು, ಆ ಮುಖ ಒಬ್ಬನಿಗೇ. ಫೋಟೋದಲ್ಲಿ ತಲೆ ಬಗ್ಗಿತ್ತು, ನನಗೆ ಗುರುತು ಸಿಗಲಿಲ್ಲ ಎಂದೆ ನೀನು. ನಿನ್ನ ತಾಯಿಗೆ ಕನ್ನಡಕ ಇಲ್ಲದೆ ಸಿಕ್ಕಿತ್ತು. ಆಮೇಲೆ ನ್ಯಾಯಾಧೀಶರು ಕೇಳಿದರು: "ಅಚ್ಚಿಗೆ ಕಳಿಸುವ ಮುಂಚೆ ಆ ವ್ಯಕ್ತಿಯನ್ನು ಒಂದು ಮಾತು ಕೇಳಿದಿರಾ?" ನೀನು ಅಂದೆ, ಸಮಯ ಇರಲಿಲ್ಲ. ನಿಮ್ಮ ಮನೆಯಿಂದ ನಮ್ಮ ಅಂಗಡಿಗೆ ಹನ್ನೊಂದು ಬಾಗಿಲು. ನಿನ್ನ ತಾಯಿ ಮುರಿದು ಕೂಡಿಸಿದ ಸೊಂಟದಲ್ಲಿ ನಡೆದು ಬಂದ ದಾರಿ.

ವಿಷಾದ ಪ್ರಕಟಿಸಿದ್ದೇವೆ ಎಂದು ಪೇಪರ್ ತೋರಿಸಿದಿರಿ. ನಾಲ್ಕು ತಿಂಗಳಾದ ಮೇಲೆ, ಏಳನೇ ಪುಟದಲ್ಲಿ, ಕಳೆದುಹೋದ ಅಂಕಪಟ್ಟಿಯ ಜಾಹೀರಾತಿನ ಕೆಳಗೆ ಐದು ಸಾಲು. ನಾನು ಬೆರಳಿಟ್ಟು ಹುಡುಕಬೇಕಾಯಿತು. ಬೀದಿಯಲ್ಲಿ ಅದನ್ನು ಓದಿದವರು ಇಬ್ಬರು. ಒಬ್ಬ ನಾನು, ಇನ್ನೊಬ್ಬ ಅಂಕಪಟ್ಟಿ ಕಳೆದುಕೊಂಡವನು.

ಈಗ ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ, ನಮ್ಮ ವಕೀಲರಿಗೂ ಹೇಳಿಲ್ಲ. ಅಂದು ಬೆಳಿಗ್ಗೆ ಪೇಪರ್ ಬಂದಾಗ ತಲೆಬರಹ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅಚ್ಚಾದದ್ದೆಲ್ಲ ನಿಜ ಎಂದು ನಂಬಿ ಬೆಳೆದವನು ನಾನು. ಓದಿ ಮುಗಿಸಿ, ಒಳಗೆ ಹಲ್ಲುಜ್ಜುತ್ತಿದ್ದ ತಮ್ಮನನ್ನು ಕರೆದು ಕೇಳಿದೆ: "ಏನೋ ಮಾಡ್ದೆ?"

ಅಷ್ಟೇ ಕೇಳಿದ್ದು. ಅವನು ಬಾಯಲ್ಲಿ ನೊರೆ ಇಟ್ಟುಕೊಂಡೇ ನನ್ನನ್ನು ನೋಡಿದ. ನಿನ್ನ ಸುದ್ದಿ ಅವನನ್ನು ಏನೂ ಮಾಡಿರಲಿಲ್ಲ, ಅವನು ಇನ್ನೂ ಅದನ್ನು ನೋಡಿರಲೇ ಇಲ್ಲ. ಅವನ ಕೈ ಬಿದ್ದುಹೋದದ್ದು ನನ್ನ ಪ್ರಶ್ನೆಗೆ. ಅಂದಿನಿಂದ ಅವನು ಅರ ಮುಟ್ಟಿಲ್ಲ. ನಲವತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತ ಅಣ್ಣನ ಬಾಯಲ್ಲಿ ಆ ಮಾತು ಬರಿಸಿದೆಯಲ್ಲ, ಅದಕ್ಕೆ ಯಾವ ಕಲಮು ಹಾಕುತ್ತಾರೆ ಎಂದು ವಕೀಲರನ್ನು ಕೇಳೋಣವೆಂದರೆ, ಮೊದಲು ನಾನು ತಮ್ಮನನ್ನು ಕೇಳಿದ್ದನ್ನು ಅವರಿಗೆ ಹೇಳಬೇಕು. ನನ್ನ ತಪ್ಪಿಗೆ ನನಗೆ ಶಿಕ್ಷೆ ದಿನಾ ಆಗುತ್ತಿದೆ, ಎದುರುಗಡೆಯ ಸ್ಟೂಲಿನಲ್ಲಿ ಸುಮ್ಮನೆ ಕೂತಿರುತ್ತದೆ. ನಿನ್ನದು ಸೋಮವಾರ ಆಗಲಿ.

ತಮ್ಮ ಸೈನ್ ಹಾಕುವವನೇ ಇದ್ದ, ನೀನು ನೋಡಿದೆಯಲ್ಲ. "ಬಿಡಣ್ಣ, ನಮ್ಮ ಕಣ್ಣೆದುರು ಬೆಳೆದವನು" ಎಂದು ಪೆನ್ನು ತೆಗೆದುಕೊಂಡ. ನೀನು ಹೊರಗೆ ಹೋಗಿ ಫೋನು ಹಿಡಿದು ನಿಂತಾಗ ನಾನು ಹೇಳಿದೆ: "ಹಾಕು. ಹಾಕಿದ ಮೇಲೆ ನನ್ನನ್ನ ಅಣ್ಣ ಅನ್ನಬೇಡ." ಅವನು ಪೆನ್ನು ಮುಚ್ಚಿಟ್ಟ. ಐದು ದಿನದಿಂದ ನನ್ನ ಜೊತೆ ಮಾತಿಲ್ಲ. ಇರಲಿ. ಆದ್ದರಿಂದ ರಾಜಿ ಇಲ್ಲ. ನ್ಯಾಯಾಧೀಶರು ಎಲ್ಲರ ಮುಂದೆ ನಿನ್ನ ಹೆಸರು ಹಿಡಿದು ಏನು ಕರೆಯುತ್ತಾರೋ ಅದನ್ನು ನಾನು ಕೇಳಬೇಕು. ಹೊರಗೆ ಬರುವಾಗ ಬೇರೆ ಪೇಪರಿನವರು ಫೋಟೋ ತೆಗೆಯುತ್ತಾರೆ. ತಲೆ ಬಗ್ಗಿಸಬೇಡ, ಗುರುತು ಸಿಗದೆ ಹೋದೀತು.

ಕೊನೆಯದು. ಬುಧವಾರ ನಿನ್ನ ತಾಯಿ ಮತ್ತೆ ಬಂದಿದ್ದಳು, ಕೋಲೂರಿಕೊಂಡು. ಹೊಸ ಬೀಗದ ಇನ್ನೊಂದು ಕೀ ತಂದು ತಮ್ಮನ ಕೈಯಲ್ಲಿಟ್ಟು, "ಹಗಲೆಲ್ಲ ಒಬ್ಬಳೇ ಇರ್ತೀನಪ್ಪ, ಮತ್ತೆ ಬಿದ್ರೆ ನೀನಲ್ದೆ ಯಾರು ಬರ್ತಾರೆ" ಎಂದಳು. ತಮ್ಮ ಅದರ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿ, ಹಲಗೆಯ ಹಳೇ ಮೊಳೆಗೇ ಹಾಕಿದ. ಸಂಜೆ, ಎರಡು ವರ್ಷದಲ್ಲಿ ಮೊದಲ ಸಲ, ಡಬ್ಬಿಯಿಂದ ಅರ ತೆಗೆದು ಎಣ್ಣೆ ಒರೆಸಿ ಇಟ್ಟ.

ಇವತ್ತು ಅವನು ಊಟಕ್ಕೆ ಹೋದಾಗ ಆ ಕೀಯನ್ನು ಮೊಳೆಯಿಂದ ತೆಗೆದೆ. ಈ ಲಕೋಟೆಯಲ್ಲೇ ಇದೆ. ಕಳ್ಳರ ಅಂಗಡಿಯಲ್ಲಿ ನಿಮ್ಮಂಥವರ ಕೀ ಇರಬಾರದು. ಅವನು ಬಂದು ಬೋಳು ಮೊಳೆ ನೋಡಿ ನನ್ನ ಕಡೆ ತಿರುಗುತ್ತಾನೆ. ಕೇಳಲಿ. ಏನು ಮಾಡಿದೆ ಎಂದು ಈ ಸಲ ಅವನೇ ನನ್ನನ್ನು ಕೇಳಲಿ.

ನಿನ್ನ ಮನೆಯ ಬೀಗ ಸದಾ ಗಟ್ಟಿಯಾಗಿರಲಿ, ಹೊರಗಿನ ಯಾರ ಕೈಗೂ ತೆಗೆಯಲು ಬಾರದಿರಲಿ.

ಇಂತಿ,
ಬೀಗ ತೆಗೆದವನ ಅಣ್ಣ