ಪಾಯಿಂಟಿನ ಟೋಪಿ

೧೪ ಮಾರ್ಚ್ ೨೦೨೫, ಶುಕ್ರವಾರ

ಇವರು ತೀರಿಕೊಂಡ ಮೇಲೆ ಹಾಗೇ ಇಟ್ಟಿದ್ದ ಬಟ್ಟೆಗಳನ್ನೆಲ್ಲ ಇವತ್ತು ಕೊಟ್ಟುಬಿಟ್ಟೆವು. ಹಡಗಿನಿಂದ ತಂದ ಟೋಪಿಯನ್ನು ಮಾತ್ರ ಮಾವ ಕೊಡಗೊಡಲಿಲ್ಲ.

ಹೋದ ವರ್ಷ ಪಂಪ್‌ಸೆಟ್ ಕಂಪನಿಯವರು ಇವರಂಥ ಶಿರಾದ ಡೀಲರುಗಳನ್ನು ಹೆಂಡತಿಯರ ಸಮೇತ ದೊಡ್ಡ ಹಡಗಿನಲ್ಲಿ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಆಡಿದರೆ, ಕುಣಿದರೆ ಪಾಯಿಂಟು, ಪಾಯಿಂಟಿಗೆ ಬಹುಮಾನ. ನಮ್ಮ ಮದುವೆಯಲ್ಲೂ ಕುಣಿಯದ ಇವರು ಅಲ್ಲಿ ಎಲ್ಲರೆದುರು ಕುಣಿದರು.

"ಅಪ್ಪ ಬಿಸಿಲಲ್ಲಿ ಕುರಿ ಕಾಯ್ತಾನೆ, ಆ ಟೋಪಿ ಬೇಕು ಕಣೇ" ಅಂದರು. ಇದ್ದಬದ್ದ ಪಾಯಿಂಟೆಲ್ಲ ಕೊಟ್ಟು ಅದನ್ನೇ ತಂದರು.

"ಥೂ, ಕೋಡಂಗಿ ಟೋಪಿ ಕಣ್ಲಾ!" ಅಂತ ಮಾವ ಒಂದು ದಿನವೂ ಹಾಕಲಿಲ್ಲ.

ಇವತ್ತು ಹಾಕಿಕೊಂಡು, "ಹೆಂಗೈತಮ್ಮ?" ಅಂದರು.

ದೊಡ್ಡದಾಗಿ ಕಣ್ಣಿನವರೆಗೂ ಇಳಿದಿತ್ತು. ಮೇಲೆತ್ತಲು ಹೋದೆ. "ಅಂಗೇ ಇರ್ಲಿ ಬುಡಮ್ಮ" ಅಂತ ನನ್ನ ಕೈ ಹಿಡಿದುಕೊಂಡರು. ಅವರ ಗಲ್ಲ ಒದ್ದೆಯಾಗಿತ್ತು. ನಾನು ಕೈ ಬಿಡಿಸಿಕೊಳ್ಳಲಿಲ್ಲ.