ಅಪ್ಪನ ತಲೆ ಮೇಲಿನ ಕೈ

ಪುಟ್ಟಿ,

ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ. ನಿಮ್ಮಪ್ಪನ ಕತ್ತಿನ ಸ್ಕ್ಯಾನ್‌ಗೆ ಹೊರಟಿದ್ದೇವೆ.

ಹೌದು, ಕತ್ತಿನದೇ. ಮೂರು ತಿಂಗಳು ಅವರ ಕೈನೋವಿಗೆ ಅಂತ ನಾವು ಮಣಿಕಟ್ಟಿಗೆ ಎಣ್ಣೆ ತಿಕ್ಕಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಬೆಳಿಗ್ಗೆ ಡಾಕ್ಟರಮ್ಮ, "ನೋವು ಜಾಸ್ತಿ ಆದಾಗ ಕೈನ ಏನ್ ಮಾಡ್ತೀರಿ?" ಅಂತ ಕೇಳಿದರು. ಮಣಿಕಟ್ಟಿನಲ್ಲಿ ನರ ಒತ್ತಿದ್ದರೆ ಹೆಚ್ಚಿನವರು ಕೈ ಕೊಡವುತ್ತಾರಂತೆ. ಅಪ್ಪ ನಾಚಿಕೊಂಡು ಕೈಯನ್ನು ತಲೆ ಮೇಲಿಟ್ಟರು. "ಹಿಂಗಿಟ್ರೆ ಹಾಯೆನಿಸುತ್ತೆ. ಮನೇಲಿ ಬೈತಾರೆ ಅಂತ ಹೊಲಿಗೆ ಅಂಗಡೀಲೇ ಇಟ್ಕೊಳ್ತೀನಿ" ಅಂದರು. ಡಾಕ್ಟರಮ್ಮ ಅವರ ಕತ್ತಿನ ಮೇಲೆ ಬೆರಳಿಟ್ಟು, "ಕೈ ಮೇಲಿಟ್ರೆ ನೋವು ಇಳಿಯುತ್ತೆ ಅಂದ್ರೆ, ನರ ಒತ್ತಿರೋದು ಬಹುಶಃ ಇಲ್ಲಿ. ಇಲ್ಲಿಂದಲೇ ಹೆಬ್ಬೆರಳವರೆಗೂ ಜೋಮು" ಅಂದರು.

"ಆಕಾಶ ಕಳಚಿ ಬಿತ್ತಾ, ತಲೆ ಮೇಲೆ ಕೈ ಹೊತ್ತು ಕೂತಿದ್ದೀರಲ್ಲ" ಅಂತ ನಾನೂ ನೀನೂ ಮೊದಮೊದಲು ದಿನಾ ಅದೇ ಕೈಯನ್ನು ಎಳೆದು ಕೆಳಗಿಳಿಸುತ್ತಿದ್ದೆವಲ್ಲೇ! ಯಾವ ಪುಸ್ತಕವನ್ನೂ ಓದದ ಆ ಕೈ ತನ್ನ ಉಪಶಮನವನ್ನು ತಾನೇ ಹುಡುಕಿಕೊಂಡಿತ್ತು.

ಎಣ್ಣೆ ಸೀಸೆ ಎತ್ತಿಡು. ಕುರ್ಚಿಯ ಮೇಲಿನ ನಿನ್ನ ಬಟ್ಟೆ ರಾಶಿಯನ್ನೂ ತೆಗಿ, ಅವರು ಬಂದು ಕೂರಬೇಕು.

ಇವತ್ತು ಅಪ್ಪ ತಲೆ ಮೇಲೆ ಕೈಯಿಟ್ಟರೆ ಏನೂ ಅನ್ನಬೇಡ. ಕೈ ಸೋತರೆ, ಕೆಳಗೆ ಬೀಳದ ಹಾಗೆ ನೀನು ಹಿಡಿದುಕೋ.

ಅಮ್ಮ